ರೋಮನ್ನರು ಚಿತ್ತಾರದ ಬೆಳ್ಳಿ ಪಾತ್ರೆಗಳನ್ನು ನಿಜವಾಗಿ ಬಳಸುತ್ತಿದ್ದರಾ, ಇಲ್ಲ ಬರೀ ಶೋಕೇಸಿಗಾ?

ಬಳಸುತ್ತಿದ್ದರು. ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿ ನೋಡಿದಾಗ ನನಗೂ ಇದೇ ಅನುಮಾನ ಬಂದಿತ್ತು. ಲೋಟದ ಹೊರಮೈ ತುಂಬ ಉಬ್ಬು ಬೊಂಬೆಗಳು, ಎಲೆ, ಬಳ್ಳಿ. ಇದರಲ್ಲಿ ಕುಡಿಯೋದು ಹೇಗೆ, ಇದನ್ನು ತೊಳೆಯೋದು ಹೇಗೆ?

ಉತ್ತರ ಲೋಟದ ಒಳಗಿದೆ. ಚಿತ್ರ ಉಬ್ಬಬೇಕಾದರೆ ತಗಡನ್ನು ಹಿಂದಿನಿಂದ ಬಡಿಯಬೇಕು. ಆಗ ಒಳಮೈಯೆಲ್ಲ ಹಳ್ಳ ದಿಣ್ಣೆ. ಅದಕ್ಕೇ ಒಳಗೆ ಇನ್ನೊಂದು ನುಣುಪಾದ ಬಟ್ಟಲನ್ನು ಕೂರಿಸುತ್ತಿದ್ದರು. ಸುಮ್ನೆ ನೋಡೋದಕ್ಕೇ ಆಗಿದ್ದರೆ ಇಷ್ಟು ಕಷ್ಟ ಯಾಕೆ ಪಡಬೇಕಿತ್ತು?

ಪಾತ್ರೆ ಮಗುಚಿದರೆ ಇನ್ನೂ ಮಜಾ. ಎಷ್ಟೋ ಪಾತ್ರೆಗಳ ಅಡಿಯಲ್ಲಿ ತೂಕ ಕೊರೆದಿರುತ್ತದೆ, ಕೆಲವದರಲ್ಲಿ ಯಜಮಾನರ ಹೆಸರೂ ಇರುತ್ತದೆ. 1895ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ತಪ್ಪಲಿನ ಬಾಸ್ಕೊರಿಯಾಲೆಯಲ್ಲಿ ಸಿಕ್ಕ ಬೆಳ್ಳಿಯಲ್ಲಿ ಕೆಲವು ಪಾತ್ರೆಗಳ ಮೇಲೆ ಮ್ಯಾಕ್ಸಿಮಾ ಎಂಬ ಹೆಂಗಸಿನ ಹೆಸರಿದೆ, ಚುಕ್ಕಿ ಚುಕ್ಕಿಯಾಗಿ. ನಮ್ಮ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗೆ ಹೆಸರು ಹಾಕಿಸಿದ ಹಾಗೇ! ಅದೇ ರಾಶಿಯ ಒಂದು ಜೊತೆ ಲೋಟದ ಮೇಲೆ ಅಸ್ಥಿಪಂಜರಗಳಿವೆ. ಒಂದು ಪಂಜರ ತತ್ವಜ್ಞಾನಿ ಎಪಿಕ್ಯೂರಸ್‌ನದು, ಕಾಲ ಬಳಿ ಹಂದಿಮರಿ, ಕೈ ಕಜ್ಜಾಯದ ಕಡೆಗೆ. ಬದುಕಿರುವಾಗಲೇ ಕುಡಿ, ತಿನ್ನು ಅಂತ ಅತಿಥಿಗೆ ಹೇಳುವ ರೀತಿ ಅದು.

ಅದೇ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ಪಟ್ಟಣದಲ್ಲಿ 'ಮೆನಾಂಡರ್ ಮನೆ' ಅಂತ ಕರೆಯುವ ಮನೆಯೊಂದಿದೆ. 1930ರಲ್ಲಿ ಅದರ ನೆಲಮಾಳಿಗೆಯಲ್ಲಿ 118 ಬೆಳ್ಳಿ ಸಾಮಾನು ಸಿಕ್ಕವು. ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕ್ರಿ.ಶ. 79ರಲ್ಲಿ ಬೆಟ್ಟ ಸಿಡಿದಾಗ ಆ ಮನೆಯಲ್ಲಿ ರಿಪೇರಿ ನಡೆಯುತ್ತಿತ್ತು. ಸುಣ್ಣ ಬಣ್ಣ ಮಾಡಿಸುವಾಗ ನಾವೂ ಹೀಗೇ ಕಟ್ಟಿಡ್ತೀವಿ, ಅಲ್ವಾ?

ಎಲ್ಲ ಕಾಲದಲ್ಲೂ ಮನೆಯಲ್ಲಿ ಇಷ್ಟು ಬೆಳ್ಳಿ ಇರುತ್ತಿರಲಿಲ್ಲ ಅನ್ನಿ. ಕ್ರಿ.ಪೂ. 275ರಲ್ಲಿ ರೂಫಿನಸ್ ಎಂಬ ದೊಡ್ಡ ಮನುಷ್ಯನನ್ನು ಸೆನೆಟ್‌ನಿಂದ ತೆಗೆದುಹಾಕಿದರು. ಕಾರಣ, ಅವನ ಮನೆಯಲ್ಲಿ 10 ಪೌಂಡ್ ಬೆಳ್ಳಿ ಪಾತ್ರೆ ಇತ್ತು! ನಮ್ಮ ಲೆಕ್ಕದಲ್ಲಿ 3 ಕೆಜಿ ಚಿಲ್ಲರೆ. ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಇನ್ನೊಂದು ಕಥೆ ಹೇಳುತ್ತಾನೆ. ಉತ್ತರ ಆಫ್ರಿಕಾದ ಕಾರ್ತೇಜಿನ ರಾಯಭಾರಿಗಳು ರೋಮಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ, ಮನೆಯಿಂದ ಮನೆಗೆ ಎರವಲು ಹೋದ ಅದೇ ಬೆಳ್ಳಿ ಪಾತ್ರೆಗಳು ಎದುರಾದವಂತೆ. ಇಷ್ಟು ಹೊಂದಿಕೊಂಡು ಬಾಳುವ ಜನರನ್ನು ಕಂಡೇ ಇಲ್ಲ ಅಂತ ನಕ್ಕರಂತೆ. ಪ್ಲಿನಿಯ ಕಾಲಕ್ಕೆ ಎಲ್ಲ ಉಲ್ಟಾ. ಪಾಂಪೆಯಸ್ ಪಾಲಿನಸ್ ಎಂಬ ಅಧಿಕಾರಿ ಜರ್ಮನಿಯ ಗಡಿಯ ದಂಡಿಗೆ 12,000 ಪೌಂಡ್ ಬೆಳ್ಳಿ ಸಾಮಾನು ಹೊತ್ತುಕೊಂಡು ಹೋಗಿದ್ದ. ಸುಮಾರು 4 ಟನ್!

ಬೆಳ್ಳಿ ಕೊಳ್ಳಲಾಗದವರ ಮನೆಯಲ್ಲಿ ಕಂಚು ಇರುತ್ತಿತ್ತು, ಮಣ್ಣಂತೂ ಇದ್ದೇ ಇತ್ತು. ನನಗೆ ಜಾಸ್ತಿ ಇಷ್ಟ ಕಂಚಿನವೇ. ಕೈ ತೊಳೆಯಲು ಹೂಜಿ, ಜೊತೆಗೊಂದು ಹಿಡಿ ಇರುವ ಬೋಗುಣಿ. ಹೂಜಿಯ ಮೈ ಸಾದಾ ಇದ್ದರೂ ಹಿಡಿಯಲ್ಲಿ ಒಂದು ಮುಖವೋ ಎಲೆಯೋ ಇರುತ್ತಿತ್ತು. ಹಿಡಿಯನ್ನು ಬೇರೆ ಎರಕ ಹೊಯ್ದು ಬೆಸೆಯುತ್ತಿದ್ದರು. ತಾಮ್ರ, ಕಂಚಿನ ಪಾತ್ರೆಗೆ ಕಲಾಯಿ ಹಾಕಿಸುವುದೂ ಇತ್ತು. ಕಲಾಯಿ ಇದ್ದರೆ ರುಚಿ ಚೆನ್ನ, ಕಿಲುಬಿನ ವಿಷ ಏರಲ್ಲ ಅಂತ ಪ್ಲಿನಿಯೇ ಬರೆದಿದ್ದಾನೆ. ನಮ್ಮಜ್ಜಿ ಹೇಳುತ್ತಿದ್ದದ್ದೂ ಅದೇ.

ಇಂಥ ಹೂಜಿಯೊಂದು ಬೆಳಗಾವಿಯ ಪಕ್ಕದವರೆಗೂ ಬಂದಿತ್ತು. 1940ರ ದಶಕದಲ್ಲಿ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ ಕಂಚಿನ ಸಾಮಾನಿನ ರಾಶಿ ಸಿಕ್ಕಿತು. ಅದರಲ್ಲಿ ಸಮುದ್ರದೇವ ಪೊಸೈಡಾನ್‌ನ ಪುಟ್ಟ ಬೊಂಬೆಯ ಜೊತೆ ರೋಮನ್ ಹೂಜಿಯೂ ಇತ್ತು.