ಮಗನ ಜೊತೆಗಾರನಿಗೆ ಏನು ಹಕ್ಕಿದೆ?

ಪ್ರಶ್ನೆ: ನನ್ನ ಮಗ ಹನ್ನೊಂದು ವರ್ಷದಿಂದ ಮುಲುಂಡಿನಲ್ಲಿ ಒಬ್ಬ ಹುಡುಗನ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಮೊದಲು ತುಂಬ ಅತ್ತೆ. ಈಗ ಚೌತಿಗೆ ಇಬ್ಬರೂ ಬರುತ್ತಾರೆ, ಮೋದಕಕ್ಕೆ ಮಡಿಕೆ ಹಾಕುವುದು ಆ ಹುಡುಗನೇ. 2018ರಲ್ಲೇ ಸುಪ್ರೀಂ ಕೋರ್ಟು ಇದು ತಪ್ಪಲ್ಲ ಅಂದಿತಲ್ಲ, ಮತ್ತೆ ಇವರ ಮದುವೆ ಯಾಕೆ ನೋಂದಣಿ ಆಗುವುದಿಲ್ಲ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಕ್ಕಾ, ಅದು ಬೇರೆ, ಇದು ಬೇರೆ. 2018ರ ಸೆಪ್ಟೆಂಬರ್ 6ರಂದು ಕೋರ್ಟು ಹೇಳಿದ್ದು, ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಅಪರಾಧವಲ್ಲ ಅಂತ. ಜೈಲಿನ ಭಯ ಹೋಯಿತು, ಅಷ್ಟೇ. ಮದುವೆಯ ಹಕ್ಕು ಕೇಳಿ ಹೋದವರಿಗೆ 2023ರ ಅಕ್ಟೋಬರ್ 17ರಂದು, ಅದು ಸಂಸತ್ತಿನ ಕೆಲಸ ಎಂಬ ಉತ್ತರ ಸಿಕ್ಕಿತು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ಅದೇ ತಿಂಗಳು ಥಾಯ್ಲೆಂಡಿನಲ್ಲಿ ಇಂಥ ಮದುವೆಗಳು ಶುರುವಾದವು, ನೋಡಿ!

ನಾನು ಮುಂಬೈಯ ಫೋರ್ಟಿನಲ್ಲಿ ಬ್ಯಾಂಕ್ ಕೌಂಟರಿನ ಹಿಂದೆ 31 ವರ್ಷ ಕೂತವಳು. ನನ್ನ ಕಣ್ಣು ಹೋಗುವುದೇ ಕಾಗದದ ಮೇಲೆ. ಆ ಮನೆ ಯಾರ ಹೆಸರಲ್ಲಿದೆ? ಮಗನೊಬ್ಬನದೇ ಆದರೆ, ಅವನು ವಿಲ್ ಬರೆಯದೆ ಹೋದರೆ (ಬಿಡ್ತು ಅನ್ನಿ) ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅದು ನಿಮಗೆ ಬರುತ್ತದೆ. ಹೌದು, ತಾಯಿಗೆ. ಹನ್ನೊಂದು ವರ್ಷ ಜೊತೆಗಿದ್ದವನಿಗೆ ತಾನಾಗಿ ಏನೂ ಬರುವುದಿಲ್ಲ.

ಜಂಟಿ ಖಾತೆಗೆ ಅಡ್ಡಿಯಿಲ್ಲ. ಸಂಗಾತಿಯನ್ನು ನಾಮಿನಿ ಮಾಡುವುದಕ್ಕೂ ಇಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಇಲಾಖೆಯೇ ಇದನ್ನು ಸ್ಪಷ್ಟಮಾಡಿದೆ. ನಮ್ಮ ಕಾಲದಲ್ಲಿ ಹೀಗೇ ಇಬ್ಬರು ಬಂದಿದ್ದರು. "ಅಣ್ಣತಮ್ಮನಾ?" ಅಂದೆ. ತಲೆ ತಗ್ಗಿಸಿ "ಹೂಂ" ಅಂದರು. ಅಡ್ಡಹೆಸರು ಬೇರೆ ಬೇರೆ ಇತ್ತು. ಸುಮ್ನೆ ಠಸ್ಸೆ ಹೊಡೆದೆ. ಆ ಪ್ರಶ್ನೆ ಕೇಳಬಾರದಿತ್ತು ಅಂತ ಈಗಲೂ ಅನಿಸುತ್ತದೆ.

ಆದರೆ ನಾಮಿನಿ ಅಂದರೆ ಹಣ ಕೈಗೆ ಪಡೆಯುವವನು, ಒಡೆಯನಲ್ಲ. ಅದಕ್ಕೇ ವಿಲ್ ಬೇಕು. ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೇದು. ಅದರಲ್ಲಿ ನಿಮಗೇನೂ ಬರೆಯದಿದ್ದರೆ ಒಂದು ಸಾಕ್ಷಿ ಸಹಿ ನೀವೇ ಹಾಕಿ. ನಾಳೆ ಊರಿಂದ ಯಾವನಾದರೂ ತಕರಾರು ತಂದರೂ ಹೆತ್ತವಳ ಸಹಿ ಎದುರಿಗಿರುತ್ತದೆ, ಅಲ್ವಾ? ಆ ಹುಡುಗನೂ ತನ್ನ ವಿಲ್ ಬರೆಯಲಿ.

ಚೌತಿಯ ದಿನ ಮಾತ್ರ ಈ ಮಾತು ಎತ್ತಬೇಡಿ. ಮೋದಕ ಹಳಸುವ ಮೊದಲು, ಮಾರನೇ ದಿನ ಎತ್ತಿ.