ಬಿಮ್ ನಮ್ಮ ಕಟ್ಟಡಗಳಲ್ಲಿ ಏಕೆ ಬಳಕೆಗೆ ಬರುತ್ತಿಲ್ಲ?
ಸಾಫ್ಟ್‌ವೇರ್ ದುಬಾರಿ, ಕಲಿತವರು ಸಿಗುವುದಿಲ್ಲ, ಬಿಮ್ (BIM, ಕಟ್ಟಡದ ಎಲ್ಲ ಭಾಗಗಳನ್ನೂ ಮಾಹಿತಿಯೊಂದಿಗೆ ಕಂಪ್ಯೂಟರಿನ ಮೂರು ಆಯಾಮದ ಮಾಡೆಲ್‌ನಲ್ಲಿ ಕೂಡಿಸುವ ವಿಧಾನ) ಹಿಂದುಳಿಯಲು ಇವೆರಡೇ ಕಾರಣವೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹವಾನಿಯಂತ್ರಣ ಮತ್ತು ಕೊಳವೆ ಮಾರ್ಗಗಳ ಮಾಡೆಲ್ ಮಾಡುತ್ತ ಬಂದವನಾಗಿ ಹೇಳುವುದಾದರೆ, ಲೈಸೆನ್ಸ್ ಶುಲ್ಕ ಸಣ್ಣ ಕಚೇರಿಗಳಿಗೆ ಹೊರೆಯೇ ಹೌದು, ಆದರೆ ಕಲಿತವರಿಗೆ ಬರವಿಲ್ಲ. ಬ್ರಿಟನ್, ಅಮೆರಿಕದ ಕಟ್ಟಡಗಳನ್ನು ರೆವಿಟ್ ಎಂಬ ಬಿಮ್ ಸಾಫ್ಟ್‌ವೇರ್‌ನಲ್ಲಿ ರೂಪಿಸಿ ಕಳುಹಿಸುವ ಕಚೇರಿಗಳು ಈ ಊರಿನಲ್ಲೇ ಎಷ್ಟೋ ಇವೆ.

ತೊಡಕು ಇರುವುದು ನಿರ್ಧಾರಗಳ ಹೊತ್ತಿನಲ್ಲಿ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಬೀಮಿನ ತಳ ನೆಲದಿಂದ 3,000 ಮಿ.ಮೀ. ಎತ್ತರದಲ್ಲಿತ್ತು, ಫಾಲ್ಸ್ ಸೀಲಿಂಗ್ 2,700ರಲ್ಲಿ. ನಡುವಿನ 300ರಲ್ಲಿ ಇನ್ಸುಲೇಷನ್ ಸೇರಿ 400 ಮಿ.ಮೀ. ಎತ್ತರದ ಡಕ್ಟ್ (ಹವಾನಿಯಂತ್ರಣದ ಗಾಳಿ ಸಾಗುವ ಮಾರ್ಗ) ಹಾಯಬೇಕಿತ್ತು. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್ ಮತ್ತು ನಮ್ಮ ನಕ್ಷೆಗಳು ಬಿಡಿಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದ್ದವು. ಮೂರನ್ನೂ ಕೂಡಿಸಿದಾಗ ಮಾಡೆಲ್ ಘರ್ಷಣೆಯನ್ನು ತಕ್ಷಣ ತೋರಿಸಿತು, ಆದರೆ ಅಷ್ಟರಲ್ಲಿ ಕಾಂಕ್ರೀಟ್ ಬಿದ್ದು ಎರಡು ವಾರವಾಗಿತ್ತು, ಏಕೆಂದರೆ ಆ ಮಾಡೆಲ್ ತಯಾರಾದದ್ದೇ ಟೆಂಡರಿನ ಷರತ್ತನ್ನು ಪೂರೈಸುವ ಸಲುವಾಗಿ. ಬೀಮ್ ಕೊರೆಯಲು ಎಂಜಿನಿಯರ್ ಒಪ್ಪಲಿಲ್ಲ. ಸೀಲಿಂಗ್ 2,550ಕ್ಕೆ ಇಳಿಯಿತು. (ಸೈಟಿನಲ್ಲಿ ಬಿಮ್ ಎಂದರೆ ಬೀಮ್ ಎಂದೇ ಕೇಳಿಸುತ್ತದೆ, ಅಂದು ಎರಡೂ ಒಂದೇ ಜಗಳದಲ್ಲಿದ್ದವು.)

ನಮ್ಮ ಐಟಂ ರೇಟ್ ಗುತ್ತಿಗೆಗಳಲ್ಲಿ, ಅಂದರೆ ಪ್ರತಿ ಕೆಲಸಕ್ಕೂ ಬಿಡಿ ದರ ಗೊತ್ತುಪಡಿಸಿದ ಗುತ್ತಿಗೆಗಳಲ್ಲಿ, ನಕ್ಷೆಗಳು ಮಹಡಿಯಿಂದ ಮಹಡಿಗೆ ಬಿಡುಗಡೆಯಾಗುತ್ತವೆ, ಹಣ ಅಳತೆಯ ಮೇಲೆ ಸಂದಾಯವಾಗುತ್ತದೆ. ಮೊದಲೇ ಹಿಡಿದ ತಪ್ಪಿಗೆ ಯಾರೂ ಬಿಲ್ ಮಾಡಲಾರರು, ಒಡೆದು ಕಟ್ಟಿದ್ದಕ್ಕೆ ಮಾತ್ರ ಎಕ್ಸ್ಟ್ರಾ ಐಟಂ, ಅಂದರೆ ಹೆಚ್ಚುವರಿ ಬಿಲ್, ಹುಟ್ಟಬಹುದು. ಮುಂಗಡ ದುಡಿಮೆ ವಿನ್ಯಾಸಕಾರರದು, ಉಳಿತಾಯ ಮಾಲೀಕರದು. ಆದ್ದರಿಂದಲೇ ಮಾಲೀಕರು ಇಲ್ಲವೇ ಅನುಮೋದನೆ ಕೊಡುವ ಸರ್ಕಾರ ಕೇಳಿದ ಕಡೆ ಹೆಚ್ಚಾಗಿ ಇದು ನೆಲೆಯೂರಿದೆ: ಬ್ರಿಟನ್ ಸರ್ಕಾರ 2011ರಲ್ಲೇ ಗಡುವು ಪ್ರಕಟಿಸಿ, 2016ರಿಂದ ಕೇಂದ್ರ ಇಲಾಖೆಗಳ ಯೋಜನೆಗಳಿಗೆ ಬಿಮ್ ಕಡ್ಡಾಯಗೊಳಿಸಿತು, ಸಿಂಗಪುರ 2015ರ ಹೊತ್ತಿಗೆ 5,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳ ಅನುಮೋದನೆಗೆ ಮಾಡೆಲನ್ನೇ ಸಲ್ಲಿಸಬೇಕೆಂದಿತು. 2018ರಲ್ಲಿ ಬಂದ, ಬಿಮ್ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 19650ರ ತಿರುಳೂ ಯಾರು, ಯಾರಿಗೆ, ಯಾವಾಗ, ಯಾವ ಮಾಹಿತಿ ಕೊಡಬೇಕೆಂಬುದೇ.

ನಿಮ್ಮ ಸಂಸ್ಥೆಯಲ್ಲಿ ಆರಂಭಿಸುವುದಾದರೆ ಲೈಸೆನ್ಸ್ ಕೊಳ್ಳುವ ಮೊದಲು ಪೋರ್ ಕಾರ್ಡ್‌ನಲ್ಲಿ (ಕಾಂಕ್ರೀಟ್ ಹಾಕುವ ಮೊದಲು ಸಹಿ ಪಡೆಯುವ ಪರಿಶೀಲನಾ ಪಟ್ಟಿಯಲ್ಲಿ) ಸಮನ್ವಯ ಪರಿಶೀಲನೆಯ ಸಹಿಗೆ ಒಂದು ಸಾಲು ಸೇರಿಸಿ; ಆ ಸಹಿ ಇಲ್ಲದೆ ಸ್ಲ್ಯಾಬ್ ಹಾಕಕೂಡದು. ಸ್ಲೀವ್‌ಗಳ (ಕೊಳವೆ ಹಾಯಲು ಕಾಂಕ್ರೀಟಿನಲ್ಲಿ ಮೊದಲೇ ಇಡುವ ತೂತುಗಳ) ಜಾಗ ಗುರುತಿಸಿದ ಹಾಳೆ ಸೆಂಟ್ರಿಂಗ್ ನಡೆಯುತ್ತಿರುವಾಗಲೇ ಮೇಸ್ತ್ರಿಯ ಕೈ ಸೇರಲಿ. ಅವರಿಗೆ ಬೇಕಿರುವುದು ಬಣ್ಣದ ಚಿತ್ರವಲ್ಲ, ಗ್ರಿಡ್ ಗೆರೆಯಿಂದ (ಕಂಬಗಳ ಸಾಲು ಗುರುತಿಸುವ ಗೆರೆಯಿಂದ) ತೆಗೆದ ಅಳತೆ.