‘ಗಾಳಿ, ನೀರು, ಆರೋಗ್ಯ’ ಅಂತ ಬರೆದು ಬರೆದು ಸಾಕಾಗಿದೆ

ಪ್ರಶ್ನೆ: ನನ್ನ ಗಂಡ ಮಸ್ಕತ್‌ನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಬಂದು ಏಳು ತಿಂಗಳಾಯಿತು. ಮನೆ ಸಾಲ ಬೇರೆ. ಪ್ರಾರ್ಥನಾ ಕೂಟದ ಅಕ್ಕಂದಿರು ‘ಕೆಲಸ ಹೋದದ್ದಕ್ಕೂ ದೇವರಿಗೆ ಸ್ತೋತ್ರ ಹೇಳು, ಬೈಬಲಿನಲ್ಲೇ ಹಾಗಿದೆ’ ಅನ್ನುತ್ತಾರೆ. ದಿನಾ ಮೂರು ಉಪಕಾರ ಬರೆಯಲು ನೋಟ್‌ಬುಕ್ ಕೊಟ್ಟಿದ್ದಾರೆ. ಎರಡು ತಿಂಗಳಿಂದ ‘ಗಾಳಿ, ನೀರು, ಆರೋಗ್ಯ’ ಅಂತಲೇ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಏನೂ ಇಲ್ಲ. ಇದು ಪಾಪವೇ?
- ಓದುಗಿ, ಉಡುಪಿ ಜಿಲ್ಲೆ

ಉತ್ತರ: ಪಾಪ ಅಲ್ಲ ಮಾರಾಯ್ತಿ. ಬೋರ್ ಆಗಿದೆ, ಅಷ್ಟೆ.

ಬೈಬಲಿನಲ್ಲಿ ಥೆಸಲೋನಿಕದವರಿಗೆ ಸಂತ ಪೌಲ ಬರೆದ ಪತ್ರದಲ್ಲಿರುವುದು ‘ಎಲ್ಲಾ ಸ್ಥಿತಿಯಲ್ಲೂ’ ಕೃತಜ್ಞರಾಗಿರಿ ಅಂತ, ‘ಎಲ್ಲದಕ್ಕೂ’ ಅಂತ ಅಲ್ಲ. ಎಫೆಸದವರ ಪತ್ರದಲ್ಲಿ ‘ಎಲ್ಲದಕ್ಕೂ’ ಅಂತಲೇ ಇದೆಯಲ್ಲ ಎಂದು ಅಕ್ಕಂದಿರು ಕೇಳಬಹುದು. ಇದೆ. ಹಾಗೆಯೇ 88ನೇ ಕೀರ್ತನೆಯೂ ಅದೇ ಬೈಬಲಿನಲ್ಲಿದೆ. ಅದು ಶುರುವಾಗುವುದೂ ಗೋಳಿನಿಂದ, ಮುಗಿಯುವುದೂ ಕತ್ತಲಲ್ಲಿ. ಅದನ್ನು ಯಾರೂ ಹರಿದು ಹಾಕಲಿಲ್ಲ. ಹಾಗಾಗಿ ಕೆಲಸ ಹೋದದ್ದಕ್ಕೆ ಅಳು ಬಂದರೆ ದೇವರ ಮುಂದೆ ಅತ್ತುಬಿಡಿ.

ನನ್ನದೊಂದು ಹೇಳುತ್ತೇನೆ. ಕರಾವಳಿಯ ಕ್ಯಾಥೊಲಿಕರಾದ ನಮ್ಮಲ್ಲಿ ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಇಗರ್ಜಿಗೆ (ಚರ್ಚಿಗೆ) ಹೂ ತರುತ್ತಾರೆ. ಕೊನೆಯ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಕೊಡುತ್ತಾರೆ, ತಲೆಗೊಂದರಂತೆ. ನನ್ನ ಗಂಡ ತೀರಿಕೊಂಡ ವರ್ಷ ತೆನೆ ಹಂಚುತ್ತಿದ್ದ ಹುಡುಗ ‘ಎಷ್ಟು ಜನ?’ ಅಂದ. ಅಭ್ಯಾಸಬಲದಿಂದ ‘ಐದು’ ಅಂದೆ. ಗೇಟು ದಾಟಿದ ಮೇಲೆ ನೆನಪಾಯಿತು, ನಾವೀಗ ನಾಲ್ಕೇ ಜನ. ವಾಪಸ್ ಕೊಡಲು ಕಾಲು ಬರಲಿಲ್ಲ.

ಮನೆಯಲ್ಲಿ ಅತ್ತೆ ಐದೂ ತೆನೆಯ ಭತ್ತ ಸುಲಿದು, ಕುಟ್ಟಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದರು. ನಾನು ಲೋಟ ಮುಟ್ಟಲಿಲ್ಲ. ಯಾವ ಬಾಯಲ್ಲಿ ಸ್ತೋತ್ರ ಹೇಳಲಿ ಅಂದೆ. ಮಗನನ್ನು ಕಳೆದುಕೊಂಡ ಆ ಹೆಂಗಸು ಹೇಳಿದ್ದು ಇಷ್ಟೇ: ‘ಬಾಯಿಗೆ ಹಾಕು. ಮನಸ್ಸು ಆಮೇಲೆ ಬರ್ತದೆ.’ ಕುಡಿದೆ. ಹಲ್ಲಿಗೆ ಒಂದು ಹೊಟ್ಟು ಸಿಕ್ಕಿತು. ಮನಸ್ಸು ಅವತ್ತು ಬರಲಿಲ್ಲ, ಆ ವರ್ಷವೂ ಬರಲಿಲ್ಲ. ಮರುವರ್ಷ ‘ನಾಲ್ಕು’ ಅಂದೆ. ದುಬೈಯಲ್ಲಿದ್ದ ಮಗಳ ಪಾಲಿನ ನಾಲ್ಕು ಕಾಳನ್ನು ಲಕೋಟೆಗೆ ಹಾಕಿ ಅಂಟಿಸುವಾಗ, ಅಲ್ಲೇ ಅಂಚೆ ಕಚೇರಿಯಲ್ಲಿ, ಏನೋ ಸ್ವಲ್ಪ ಸಡಿಲಾಯಿತು.

ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿಯಿಂದ ವಾಸಿಯಾದ ಹತ್ತು ಕುಷ್ಠರೋಗಿಗಳು ಗೊತ್ತಲ್ಲ? ಪಾಪ, ಆ ಒಂಬತ್ತು ಜನ ಯೇಸುಸ್ವಾಮಿ ಹೇಳಿದಂತೆಯೇ ಯಾಜಕರ ಕಡೆ ಹೋದವರು. ಒಬ್ಬ ಸಮಾರಿಯದವನು ಮಾತ್ರ ಅರ್ಧ ದಾರಿಯಿಂದ ಹಿಂದಕ್ಕೆ ನಡೆದು ಬಂದ. ಅವನ ಎದೆಯಲ್ಲಿ ಏನಿತ್ತು ಅಂತ ಲೂಕ ಬರೆದಿಲ್ಲ. ದೊಡ್ಡ ದನಿಯಲ್ಲಿ ದೇವರನ್ನು ಕೊಂಡಾಡುತ್ತಾ ತಿರುಗಿ ಬಂದ, ಕಾಲಿಗೆ ಬಿದ್ದು ಸ್ತೋತ್ರ ಹೇಳಿದ, ಅಷ್ಟೇ ಬರೆದಿದ್ದಾನೆ.

ಈಗ ನಿಮ್ಮ ನೋಟ್‌ಬುಕ್. ‘ನೀರು’ ಅಂತ ಬರೆಯಬೇಡಿ. ಪಂಪು ಕೆಟ್ಟ ದಿನ ಪಕ್ಕದ ಮನೆಯವರು ಪೈಪ್ ಎಳೆದು ಕೊಟ್ಟಿದ್ದರೆ ಅದನ್ನು ಬರೆಯಿರಿ, ಅವರ ಹೆಸರು ಹಾಕಿ. ಪೌಲ ಸೆರೆಮನೆಯಿಂದ ಫಿಲಿಪ್ಪಿಯದವರಿಗೆ ಬರೆದದ್ದು ನೋಡಿ: ನೀವು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದೆಲ್ಲ ಮುಟ್ಟಿದೆ ಅನ್ನುತ್ತಾನೆ. ಆ ಗ್ರೀಕ್ ಮಾತು ಆ ಕಾಲದ ರಶೀದಿಗಳಲ್ಲಿ ಬರೆಯುತ್ತಿದ್ದದ್ದೇ. ಯಾರು ಕೊಟ್ಟರು, ಯಾರು ತಂದರು, ಎಲ್ಲ ಇದೆ. ಮೂರೇ ಬೇಕೆಂದೇನಿಲ್ಲ, ಒಂದು ಸಾಕು. ಸಿಗದ ದಿನ ಖಾಲಿ ಬಿಡಿ. ಸುಮ್ನೆ ತುಂಬಿಸಬೇಡಿ. ಗಂಡನಿಗೆ ಮಾತ್ರ ‘ಸ್ತೋತ್ರ ಹೇಳು’ ಅಂತ ದಯವಿಟ್ಟು ಹೇಳಬೇಡಿ. ಆತ ಅದನ್ನು ಬೇರೆಯವರಿಂದ ಜಾಸ್ತಿಯೇ ಕೇಳಿರುತ್ತಾನೆ.

ಇವತ್ತು ನನ್ನ ಪುಸ್ತಕದಲ್ಲಿರುವುದು ಇದು: ಮೀನಿನವಳು ಎರಡು ಬಂಗುಡೆ ಜಾಸ್ತಿ ಹಾಕಿದ್ದಾಳೆ. ಲೆಕ್ಕ ತಪ್ಪಿದಳೋ, ಬೇಕಂತಲೇ ಹಾಕಿದಳೋ, ನಾಳೆ ಕೇಳಬೇಕು.